ಅಚ್ಚು ಹಾಕಲಾಗದ ಏಳು ಪದಗಳು

ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳು ದಪ್ಪ ದಪ್ಪ ಸಂಪುಟಗಳಾಗಿ ಪ್ರಕಟವಾಗುತ್ತವೆ. ಅವುಗಳ ಪೈಕಿ 438ನೆಯದರಲ್ಲಿ, 1978ರ ಒಂದು ತೀರ್ಪಿನ ಬಾಲಕ್ಕೆ ಒಂದು ಅನುಬಂಧ ಅಂಟಿಕೊಂಡಿದೆ. ಅದರಲ್ಲಿ ಕಾಯ್ದೆಯ ಕಲಮುಗಳಿಲ್ಲ, ಸಾಕ್ಷಿಗಳ ಹೇಳಿಕೆಯಿಲ್ಲ. ಒಬ್ಬ ಹಾಸ್ಯಗಾರ ಮೈಕಿನ ಮುಂದೆ ನಿಂತು ಆಡಿದ ಮಾತು ಚಾಚೂ ತಪ್ಪದೆ ಅಚ್ಚಾಗಿದೆ. ಸಭಿಕರು ನಕ್ಕ ಕಡೆಯಲ್ಲೆಲ್ಲ ನಡುನಡುವೆ ‘ನಗು’ ಎಂದು ಗುಮಾಸ್ತರ ಶ್ರದ್ಧೆಯಲ್ಲಿ ನಮೂದಿಸಿದ್ದಾರೆ. ಗಂಭೀರ ಮುಖ ಹೊತ್ತು ಇದನ್ನು ಓದಿದ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಒಬ್ಬರಿಗಾದರೂ ತುಟಿಯಂಚಿನಲ್ಲಿ ನಗು ಬಂದಿರಲಿಕ್ಕಿಲ್ಲವೇ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಆ ಹಾಸ್ಯಗಾರ ಜಾರ್ಜ್ ಕಾರ್ಲಿನ್. ಮಾತಿನ ವಿಷಯ, ಟೆಲಿವಿಷನ್ನಿನಲ್ಲಿ ಎಂದೆಂದೂ ಆಡಬಾರದ ಏಳು ಪದಗಳು. ಆ ಏಳನ್ನು ಇಲ್ಲಿ ಕೊಡುವಂತಿಲ್ಲ. ಅಮೆರಿಕದ ಅತ್ಯುನ್ನತ ನ್ಯಾಯಾಲಯಕ್ಕಿರುವ ಸ್ವಾತಂತ್ರ್ಯ ಮನೆಮಂದಿಯೆಲ್ಲ ಓದುವ ಭಾನುವಾರದ ಪುರವಣಿಗಿಲ್ಲ. ಓದುಗರು ಊಹಿಸಿಕೊಳ್ಳಬೇಕು. ಊಹಿಸುವುದು ಯಾರಿಗೂ ಕಷ್ಟವಾಗಲಾರದು. ಎಲ್ಲರಿಗೂ ಗೊತ್ತಿರುವುದನ್ನು ನಾವೆಲ್ಲ ಸೇರಿ ಯಾರಿಂದ ಬಚ್ಚಿಡುತ್ತಿದ್ದೇವೆ? ಕಾರ್ಲಿನ್‌ನ ತಕರಾರಿನ ತಿರುಳೇ ಅದು.

ಬೈಗುಳದ ಮನುಷ್ಯ ಎಂದೇ ಅವನನ್ನು ಬಲ್ಲವರು ಹೆಚ್ಚು. ನನ್ನ ಮಟ್ಟಿಗೆ ಅವನು ಮೊದಲಿಗೆ ಒಬ್ಬ ಪದಗಳ ಹುಚ್ಚ. ಅಕ್ಕಸಾಲಿಗ ಬಂಗಾರವನ್ನು ಒರೆಗಲ್ಲಿಗೆ ಉಜ್ಜುವ ಹಾಗೆ ಕೈಗೆ ಸಿಕ್ಕ ಪ್ರತಿ ಮಾತನ್ನೂ ಉಜ್ಜಿ ನೋಡುತ್ತಿದ್ದ. ಬೈಗುಳ ಅದರಲ್ಲೊಂದು ಚೂರು ಅಷ್ಟೆ.

ಈ ಹುಚ್ಚು ಮನೆಯಿಂದಲೇ ಬಂದದ್ದು. ಹುಟ್ಟಿದ್ದು 1937ರ ಮೇ 12ರಂದು, ನ್ಯೂಯಾರ್ಕಿನ ಮ್ಯಾನ್‌ಹಾಟನ್‌ನಲ್ಲಿ, ಐರಿಷ್ ಕ್ಯಾಥೊಲಿಕ್ ಕುಟುಂಬದಲ್ಲಿ. ತಾಯಿಯ ತಂದೆ ನಗರದ ಪೊಲೀಸ್ ಪೇದೆಯಾಗಿದ್ದವರು. ಡ್ಯೂಟಿ ಮುಗಿಸಿ ಬಂದು ಷೇಕ್ಸ್‌ಪಿಯರನ ನಾಟಕಗಳನ್ನು ಕೈಯಾರೆ ನಕಲು ಮಾಡುತ್ತಿದ್ದರಂತೆ, ಬರೀ ಖುಷಿಗೆ. ತಂದೆ ಪ್ಯಾಟ್ರಿಕ್ ಪತ್ರಿಕೆಗೆ ಜಾಹೀರಾತು ತರುತ್ತಿದ್ದವನು, ಸಭೆಯಲ್ಲಿ ಎದ್ದು ನಿಂತರೆ ಜನ ಕಿವಿಗೊಡುವಂಥ ಮಾತುಗಾರ. ಜೊತೆಗೆ ಕುಡುಕ. ಹೊಡೆತ ತಾಳಲಾರದೆ ತಾಯಿ ಮೇರಿ ಎರಡು ತಿಂಗಳ ಕೂಸನ್ನೂ ದೊಡ್ಡ ಮಗನನ್ನೂ ಕಟ್ಟಿಕೊಂಡು ಮನೆ ಬಿಟ್ಟಳು. ಜಾರ್ಜ್‌ಗೆ ಎಂಟು ವರ್ಷವಾದಾಗ ಅಪ್ಪ ತೀರಿಕೊಂಡ. ಮೇರಿ ಆಫೀಸಿನಲ್ಲಿ ಕಾರ್ಯದರ್ಶಿ ಕೆಲಸ ಮಾಡಿ ಇಬ್ಬರನ್ನೂ ಸಾಕಿದಳು. ಮಗ ಗೊತ್ತಿಲ್ಲದ ಪದದ ಅರ್ಥ ಕೇಳಿದರೆ ಉತ್ತರ ಹೇಳದೆ ನಿಘಂಟು ತರಲು ಕಳಿಸುತ್ತಿದ್ದಳು. ಮುಂದೆ ಅವಳೊಂದಿಗೆ ಅವನ ಜಗಳ ಮುಗಿಯಲೇ ಇಲ್ಲ. ಆದರೆ ನಿಘಂಟಿನ ಋಣವನ್ನು ಮಾತ್ರ ಅವನು ಎಂದೂ ಮರೆಯಲಿಲ್ಲ.

ಅಮ್ಮ ಸಂಜೆ ಬರುವವರೆಗೆ ಮನೆಯಲ್ಲಿ ಹುಡುಗನೊಬ್ಬನೇ. ಜೊತೆಗೆ ರೇಡಿಯೊ. ಎಂಟನೇ ಕ್ಲಾಸು ಪಾಸಾದದ್ದಕ್ಕೆ ಏನು ಬೇಕೆಂದು ಕೇಳಿದಾಗ ಟೇಪ್ ರೆಕಾರ್ಡರ್ ಬೇಕೆಂದ. ಆಗದು ಸಾಮಾನ್ಯರ ಮನೆಯಲ್ಲಿ ಇರುವಂಥ ವಸ್ತುವೇ ಅಲ್ಲ. ಅದರ ಮುಂದೆ ಕೂತು ವಾರ್ತೆ ಓದುವವರನ್ನೂ ಕ್ರೀಡಾ ವೀಕ್ಷಕ ವಿವರಣೆಕಾರರನ್ನೂ ಬೀದಿಯ ಜನರನ್ನೂ ಅಣಕಿಸಿದ. ನ್ಯೂಹ್ಯಾಂಪ್‌ಷೈರಿನ ಸ್ಪಾಫರ್ಡ್ ಕೆರೆಯ ದಂಡೆಯಲ್ಲಿ ನಡೆಯುತ್ತಿದ್ದ ಬೇಸಿಗೆ ಶಿಬಿರಕ್ಕೆ ಹೋದಾಗ ಅಭಿನಯಕ್ಕೆ ಬಹುಮಾನ ಸಿಕ್ಕಿತು. ಈ ಕೆರೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಕೊನೆಗೆ ಮತ್ತೆ ಬರುತ್ತದೆ. ಆ ವಯಸ್ಸಿಗೇ ಅವನ ತಲೆಯಲ್ಲಿ ಪೂರ್ತಿ ಯೋಜನೆಯೊಂದು ಸಿದ್ಧವಾಗಿತ್ತು: ಮೊದಲು ರೇಡಿಯೊ, ಆಮೇಲೆ ವೇದಿಕೆ, ಕೊನೆಗೆ ಸಿನಿಮಾ.

ಕಲಿತದ್ದು 121ನೇ ಬೀದಿಯ ಕಾರ್ಪಸ್ ಕ್ರಿಸ್ಟಿ ಚರ್ಚಿನ ಶಾಲೆಯಲ್ಲಿ. ಸನ್ಯಾಸಿನಿಯರು ನಡೆಸುತ್ತಿದ್ದರೂ ಕಾಲಕ್ಕಿಂತ ಮುಂದಿದ್ದ ಶಾಲೆ. ಅಂಕಪಟ್ಟಿ ಇಲ್ಲ, ಸಮವಸ್ತ್ರವಿಲ್ಲ, ಪ್ರಶ್ನೆ ಕೇಳಿದರೆ ಬೆತ್ತದ ಏಟಿಲ್ಲ. ಅಲ್ಲಿ ಪ್ರಶ್ನೆ ಕೇಳುವುದನ್ನು ಎಷ್ಟು ಚೆನ್ನಾಗಿ ಕಲಿಸಿದರೆಂದರೆ ಕೊನೆಗೆ ದೇವರ ಮೇಲಿನ ನಂಬಿಕೆಯೇ ಹೊರಟುಹೋಯಿತು ಎಂದು ಅವನು ವೇದಿಕೆಯ ಮೇಲೆ ಹೇಳಿಕೊಂಡು ನಗಿಸುತ್ತಿದ್ದ. ಹೈಸ್ಕೂಲು ಅರ್ಧಕ್ಕೇ ಬಿಟ್ಟ. 17ಕ್ಕೆ ವಾಯುಪಡೆ ಸೇರಿ ಲೂಸಿಯಾನಾದಲ್ಲಿ ಬಾಂಬರ್ ವಿಮಾನಗಳ ರೇಡಾರ್ ದುರಸ್ತಿಗೆ ನಿಂತ. ಶಿಸ್ತಿಗೂ ಅವನಿಗೂ ಎಣ್ಣೆ-ಸೀಗೆಕಾಯಿ. 1957ರಲ್ಲಿ ‘ಉಪಯೋಗಕ್ಕೆ ಬಾರದ ಸೈನಿಕ’ ಎಂಬರ್ಥದ ಷರಾ ಬರೆದು ಮನೆಗೆ ಕಳಿಸಿದರು. ಅಷ್ಟರಲ್ಲಿ ಪಕ್ಕದ ಶ್ರೀವ್‌ಪೋರ್ಟ್ ಊರಿನ ರೇಡಿಯೊದಲ್ಲಿ ಹಾಡು ಹಾಕುವ ಕೆಲಸ ಹಿಡಿದಾಗಿತ್ತು. ಯೋಜನೆಯ ಮೊದಲ ಮೆಟ್ಟಿಲು.

ಟೆಕ್ಸಾಸಿನ ರೇಡಿಯೊದಲ್ಲಿ ಜ್ಯಾಕ್ ಬರ್ನ್ಸ್ ಎಂಬ ಜೊತೆಗಾರ ಸಿಕ್ಕಿದ. ಎರಡು ವರ್ಷ ಜೋಡಿಯಾಗಿ ಹಾಸ್ಯ ಮಾಡಿ, ಬೇರೆಯಾದರು. ಈ ನಡುವೆ ಒಹಾಯೊ ರಾಜ್ಯದ ಡೇಟನ್ನಿನಲ್ಲಿ ಪರಿಚಯವಾದ ಬ್ರೆಂಡಾಳನ್ನು 1961ರಲ್ಲಿ ಮದುವೆಯಾದ. ಮಗಳು ಕೆಲ್ಲಿ ಹುಟ್ಟಿದ್ದು 1963ರಲ್ಲಿ. ಅದಕ್ಕೆ ಕೆಲವು ತಿಂಗಳ ಮುಂಚಿನ ಒಂದು ರಾತ್ರಿಯ ಕಥೆ ಹೇಳಲೇಬೇಕು.

1962ರ ಡಿಸೆಂಬರ್, ಶಿಕಾಗೊ ನಗರದ ಗೇಟ್ ಆಫ್ ಹಾರ್ನ್ ಎಂಬ ಕ್ಲಬ್. ವೇದಿಕೆಯಲ್ಲಿದ್ದವನು ಲೆನ್ನಿ ಬ್ರೂಸ್, ಅಂದಿನ ಅಮೆರಿಕದಲ್ಲಿ ಪೊಲೀಸರ ಕಾಟ ಅತಿ ಹೆಚ್ಚು ಉಂಡ ಹಾಸ್ಯಗಾರ. ಪ್ರೇಕ್ಷಕರ ನಡುವೆ ಕಾರ್ಲಿನ್ ಕೂತಿದ್ದ. ಕಾರ್ಯಕ್ರಮದ ಮಧ್ಯೆ ಪೊಲೀಸರು ನುಗ್ಗಿ ಬ್ರೂಸನನ್ನು ಅಶ್ಲೀಲ ಭಾಷೆಯ ಆರೋಪದ ಮೇಲೆ ಎಳೆದೊಯ್ದರು. ಬಾಗಿಲಲ್ಲಿ ನಿಂತು ಪ್ರೇಕ್ಷಕರ ಗುರುತಿನ ಚೀಟಿ ತಪಾಸಣೆಯೂ ಶುರುವಾಯಿತು. ಬಿಯರ್ ಏರಿದ್ದ ಕಾರ್ಲಿನ್, ತನಗೆ ಗುರುತಿನ ಚೀಟಿಗಳಲ್ಲಿ ನಂಬಿಕೆಯಿಲ್ಲ ಎಂದ. ಅವನನ್ನೂ ಹಿಡಿದು ಅದೇ ವ್ಯಾನಿಗೆ ತಳ್ಳಿದರು. ನೀನ್ಯಾಕೆ ಇಲ್ಲಿ ಎಂದು ಬ್ರೂಸ್ ಕೇಳಿದ. ಕಾರಣ ಕೇಳಿ, ದಡ್ಡ ಕಣೋ ನೀನು ಎಂಬ ಧಾಟಿಯಲ್ಲಿ ಬೈದ. ಬ್ರೂಸ್ 1966ರಲ್ಲಿ, ನ್ಯೂಯಾರ್ಕಿನ ಕೋರ್ಟು ವಿಧಿಸಿದ ಶಿಕ್ಷೆಯ ಮೇಲ್ಮನವಿ ಇನ್ನೂ ಇತ್ಯರ್ಥವಾಗದಿರುವಾಗಲೇ, ಮಾದಕವಸ್ತುವಿನಿಂದ ಸತ್ತ. ನ್ಯೂಯಾರ್ಕ್ ರಾಜ್ಯ ಅವನಿಗೆ ಕ್ಷಮಾದಾನ ಕೊಟ್ಟದ್ದು 2003ರಲ್ಲಿ, ಸತ್ತ 37 ವರ್ಷಕ್ಕೆ.

ವ್ಯಾನಿನಲ್ಲಿ ಜೊತೆಗೆ ಕೂತವನ ಹಾದಿಯನ್ನು ಕಾರ್ಲಿನ್ ಕೂಡಲೇ ಹಿಡಿಯಲಿಲ್ಲ. ಕಪ್ಪು ಸೂಟು, ಬಿಗಿದ ಟೈ, ನುಣ್ಣಗೆ ಕ್ಷೌರ ಮಾಡಿದ ಗಲ್ಲ. ಟಿವಿಯವರಿಗೆ ಹಿಡಿಸುವಂಥ ಅಚ್ಚುಕಟ್ಟು ಹುಡುಗನಾದ. ಅಮಲಿನಲ್ಲಿ ತೇಲುತ್ತ ಹವಾಮಾನ ವರದಿ ಓದುವ ಹಿಪ್ಪಿಯ ಪಾತ್ರ ಮನೆಮಾತಾಯಿತು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಸಂಪಾದನೆ. ಆದರೆ ಹೊರಗೆ ವಿಯೆಟ್ನಾಂ ಯುದ್ಧ ನಡೆಯುತ್ತಿದೆ, ಅವನ ಸ್ನೇಹಿತರು ಕೂದಲು ಬಿಟ್ಟುಕೊಂಡು ಬೀದಿಗಿಳಿದಿದ್ದಾರೆ. ತಾನು ಮಾತ್ರ ಲಾಸ್ ವೇಗಸ್ಸಿನಲ್ಲಿ ಆ ಸ್ನೇಹಿತರ ಅಪ್ಪಂದಿರನ್ನು ನಗಿಸುತ್ತಿದ್ದಾನೆ. ಮೂವತ್ತು ದಾಟಿದವರಿಗೆ ಮನರಂಜನೆ ಕೊಡುತ್ತಿದ್ದೇನೆ, ನನ್ನ ಮನಸ್ಸಿರುವುದು ಇಪ್ಪತ್ತರವರ ಜೊತೆ ಎಂಬ ಕೊರಗು ಅವನನ್ನು ಒಳಗೇ ತಿನ್ನತೊಡಗಿತು.

ವೇಗಸ್ಸಿನ ಫ್ರಾಂಟಿಯರ್ ಹೋಟೆಲಿನಲ್ಲಿ 1969ರಲ್ಲಿ ಒಂದು ಸಣ್ಣ ಅಸಭ್ಯ ಪದ ಆಡಿದ್ದಕ್ಕೆ ಅಮಾನತು, ಮರುವರ್ಷ ಇನ್ನೊಂದಕ್ಕೆ ಕೆಲಸದಿಂದಲೇ ವಜಾ. ಜೂಜುಕಟ್ಟೆಯ ಊರಿನಲ್ಲಿ ಸಭ್ಯತೆಯ ಹೆಸರಿನಲ್ಲಿ ಕೆಲಸ ಕಳೆದುಕೊಳ್ಳುವುದು ಎಲ್ಲರಿಂದ ಆಗುವಂಥದ್ದಲ್ಲ! ಅವನು ಟೈ ಬಿಚ್ಚಿಟ್ಟ. ಗಡ್ಡ, ಜುಟ್ಟು, ಕಿವಿಗೊಂದು ರಿಂಗು, ಜೀನ್ಸು. ಆದಾಯ ಪಾತಾಳಕ್ಕಿಳಿಯಿತು. ದೊಡ್ಡ ಹೋಟೆಲುಗಳನ್ನು ಬಿಟ್ಟು ಕಾಫಿ ಅಂಗಡಿಗಳಲ್ಲಿ, ಕಾಲೇಜುಗಳಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದ. 1972ರಲ್ಲಿ ಬಂದ ‘ಎಫ್‌ಎಂ ಅಂಡ್ ಎಎಂ’ ಎಂಬ ಧ್ವನಿಮುದ್ರಿಕೆಯ ಒಂದು ಮಗ್ಗುಲಲ್ಲಿ ಹಳೆಯ ಸೂಟುಧಾರಿ, ಇನ್ನೊಂದರಲ್ಲಿ ಹೊಸ ಜುಟ್ಟುಧಾರಿ. ಅದಕ್ಕೆ ಗ್ರ್ಯಾಮಿ ಬಂತು. ಅದೇ ವರ್ಷದ ‘ಕ್ಲಾಸ್ ಕ್ಲೌನ್’ನಲ್ಲಿ ಆ ಏಳು ಪದಗಳು ಬಂದವು.

ಈಗ ಕೇಳಿದರೆ ಆಶ್ಚರ್ಯವಾಗುವುದು ಅದರಲ್ಲಿ ಕೋಪ ಇಲ್ಲದಿರುವುದು. ವ್ಯಾಕರಣದ ಮೇಷ್ಟರು ಪಾಠ ಮಾಡುವ ಹಾಗಿದೆ. ಇಂಗ್ಲಿಷಿನಲ್ಲಿ ನಾಲ್ಕು ಲಕ್ಷ ಪದಗಳಿವೆ ಎಂದು ಲೆಕ್ಕ ಹಾಕಿ, ಅಷ್ಟರಲ್ಲಿ ಏಳನ್ನು ಮಾತ್ರ ಊರಾಚೆ ಇಟ್ಟಿದ್ದಾರಲ್ಲ, ಎಂಥ ಪಾಪಿಷ್ಠ ಪದಗಳಿರಬೇಕು ಎಂದು ಮುಗ್ಧನಂತೆ ಬೆರಗಾಗುತ್ತಾನೆ. ಒಂದೊಂದನ್ನೂ ಎತ್ತಿ ತಿರುಗಿಸಿ ತೋರಿಸುತ್ತಾನೆ. ಇದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಇದಕ್ಕೆ ವಾರದಲ್ಲಿ ಕೆಲವು ದಿನ ಸಭ್ಯ ಅರ್ಥ, ಉಳಿದ ದಿನ ಅಸಭ್ಯ. ಇದು ಸಮಾಸದೊಳಗೆ ಅಡಗಿ ಕೂತರೆ ಯಾರೂ ಕೇಳುವುದಿಲ್ಲ. ಕೇಳುತ್ತ ಕೇಳುತ್ತ ಪದಗಳಿಗೆ ಮೆತ್ತಿದ್ದ ಕೊಳೆ ಉದುರಿ ಬರೀ ಸದ್ದು ಉಳಿಯುತ್ತದೆ. ಮಕ್ಕಳು ಬೈಗುಳವನ್ನು ಅರ್ಥ ಗೊತ್ತಿಲ್ಲದೆ ನೂರು ಸಲ ಹೇಳಿಕೊಂಡು ಕುಣಿಯುವುದಿಲ್ಲವೇ, ಹಾಗೆ.

ಪೊಲೀಸರಿಗೆ ಹಾಗೆ ಕೇಳಿಸಲಿಲ್ಲ. 1972ರ ಜುಲೈ 21ರ ರಾತ್ರಿ ಮಿಲ್ವಾಕಿಯ ಸಮ್ಮರ್‌ಫೆಸ್ಟ್ ಉತ್ಸವದಲ್ಲಿ, ಸರೋವರದ ದಂಡೆಯ ಬಯಲಿನಲ್ಲಿ, ಧ್ವನಿವರ್ಧಕಗಳು ಆ ಪದಗಳನ್ನು ಮೈದಾನದ ತುಂಬ ಬಿತ್ತಿದವು. ಕೆಳಗೆ ಪೊಲೀಸರು ಕಾಯುತ್ತಿದ್ದಾರೆಂದು ತಿಳಿದ ಬ್ರೆಂಡಾ, ನೀರಿನ ಲೋಟ ಕೊಡುವ ನೆಪದಲ್ಲಿ ವೇದಿಕೆ ಹತ್ತಿ ಕಿವಿಯಲ್ಲಿ ಉಸುರಿದಳು. ಅವನ ಜೇಬಿನಲ್ಲಿ ಕೊಕೇನ್ ಇತ್ತು. ಕಾರ್ಯಕ್ರಮ ಮುಗಿಸಿ, ಅದನ್ನು ದಾಟಿಸಿ, ಆಮೇಲೆ ಬಂಧನಕ್ಕೆ ಒಡ್ಡಿಕೊಂಡ. ಮಾತು ಅಸಭ್ಯವೇ ಇರಬಹುದು, ಆದರೆ ಶಾಂತಿಭಂಗವೇನೂ ಆಗಿಲ್ಲ, ಆಡುವ ಹಕ್ಕು ಅವನಿಗಿದೆ ಎಂದು ಡಿಸೆಂಬರಿನಲ್ಲಿ ನ್ಯಾಯಾಧೀಶರು ಕೇಸು ವಜಾ ಮಾಡಿದರು. ಗಂಡನನ್ನು ಉಳಿಸಿದ್ದು ಸಂವಿಧಾನವೋ ಒಂದು ಲೋಟ ನೀರೋ ಎಂದು ಕೇಳಿದರೆ ನಾನು ಎರಡನೆಯದಕ್ಕೆ ಸ್ವಲ್ಪ ಹೆಚ್ಚು ಅಂಕ ಕೊಡುತ್ತೇನೆ.

ಮರುವರ್ಷದ ಅಕ್ಟೋಬರ್ 30, ಮಧ್ಯಾಹ್ನ ಎರಡು ಗಂಟೆ. ನ್ಯೂಯಾರ್ಕಿನ ಡಬ್ಲ್ಯುಬಿಎಐ ರೇಡಿಯೊ ಭಾಷೆಯ ಕುರಿತ ಚರ್ಚೆಯ ನಡುವೆ, ಸೂಕ್ಷ್ಮ ಮನಸ್ಸಿನವರು ಕೇಳಬೇಡಿ ಎಂದು ಮುನ್ಸೂಚನೆ ಕೊಟ್ಟು, ಅದೇ ವಿಷಯದ ಮುಂದುವರಿದ ಭಾಗ ಹಾಕಿತು. ಸುಮಾರು ಹನ್ನೆರಡು ನಿಮಿಷ. ಹದಿಹರೆಯದ ಮಗನ ಜೊತೆ ಕಾರಿನಲ್ಲಿ ಹೋಗುತ್ತಿದ್ದ ಒಬ್ಬ ತಂದೆ ಕೇಳಿಸಿಕೊಂಡು ದೂರು ಬರೆದರು. ಆ ಪ್ರಸಾರದ ಬಗ್ಗೆ ಬಂದ ದೂರು ಅದೊಂದೇ. ಸರ್ಕಾರದ ಸಂವಹನ ಆಯೋಗ ದಂಡ ಹಾಕಲಿಲ್ಲ, ನಿಲ್ದಾಣದ ಕಡತದಲ್ಲೊಂದು ಕಪ್ಪು ಗುರುತು ಮಾತ್ರ ಬಿತ್ತು. ನಿಲ್ದಾಣದ ಒಡೆತನದ ಪೆಸಿಫಿಕಾ ಸಂಸ್ಥೆ ಅದನ್ನೂ ಒಪ್ಪದೆ ಕೋರ್ಟಿಗೆ ಹೋಯಿತು. ಪ್ರಕರಣ ಮೆಟ್ಟಿಲು ಹತ್ತುತ್ತ ಹತ್ತುತ್ತ 1978ರ ಜುಲೈ 3ರಂದು ತುದಿ ಮುಟ್ಟಿತು. ಐವರು ಆಯೋಗದ ಕಡೆ, ನಾಲ್ವರು ರೇಡಿಯೊ ಕಡೆ. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀವನ್ಸ್ ಒಂದು ಹಳೆಯ ಹೋಲಿಕೆಯನ್ನು ಬಳಸಿಕೊಂಡರು. ಕೊಟ್ಟಿಗೆಯಲ್ಲಿದ್ದರೆ ತಕರಾರಿಲ್ಲದ ಹಂದಿ ಪಡಸಾಲೆಗೆ ನುಗ್ಗಿದರೆ ಓಡಿಸಬಹುದು, ಅದಕ್ಕೆ ಹಂದಿ ಅಶ್ಲೀಲವೆಂದು ಸಾಬೀತು ಮಾಡಬೇಕಿಲ್ಲ ಎಂಬ ತರ್ಕ. ಮಕ್ಕಳು ಕೇಳುವ ಹೊತ್ತು ಬೇರೆ, ಮಲಗಿದ ಮೇಲಿನ ಹೊತ್ತು ಬೇರೆ ಎಂಬ ಅಲ್ಲಿನ ಪ್ರಸಾರ ನಿಯಮ ಗಟ್ಟಿಯಾದದ್ದು ಇದರಿಂದ. ಮೊಕದ್ದಮೆಯಲ್ಲಿ ಕಾರ್ಲಿನ್ ಕಕ್ಷಿದಾರನೇ ಅಲ್ಲ. ಆದರೂ ಕಾನೂನಿನ ಇತಿಹಾಸಕ್ಕೆ ತಾನೊಂದು ಅಡಿಟಿಪ್ಪಣಿಯಾದೆನೆಂಬ ತುಂಟ ಹೆಮ್ಮೆ ಅವನಿಗೆ ಕೊನೆಯವರೆಗೂ ಇತ್ತು.

ಹೊರಗೆ ಕೀರ್ತಿ ಏರುತ್ತಿದ್ದ ಆ ವರ್ಷಗಳಲ್ಲಿ ಮನೆ ಬೇಯುತ್ತಿತ್ತು. ಅವನಿಗೆ ಕೊಕೇನ್, ಬ್ರೆಂಡಾಗೆ ಕುಡಿತ, ಇಬ್ಬರ ನಡುವೆ ಬೆಳೆಯುತ್ತಿದ್ದ ಮಗಳು. 1975ರ ಅಕ್ಟೋಬರ್ 11ರಂದು ‘ಸ್ಯಾಟರ್ಡೆ ನೈಟ್ ಲೈವ್’ ಎಂಬ ಟಿವಿ ಹಾಸ್ಯ ಕಾರ್ಯಕ್ರಮ ಆರಂಭವಾದಾಗ ಅದರ ಮೊಟ್ಟಮೊದಲ ನಿರೂಪಕ ಅವನೇ. ಆ ವಾರವಿಡೀ ಅಮಲಿನಲ್ಲಿದ್ದೆ ಎಂದು ನಂತರ ತಾನೇ ಒಪ್ಪಿಕೊಂಡ. 1978ರಲ್ಲಿ ಮೊದಲ ಹೃದಯಾಘಾತ, 1982ರಲ್ಲಿ ಎರಡನೆಯದು, 1991ರಲ್ಲಿ ಮೂರನೆಯದು. ಇದೆಲ್ಲದರ ಮೇಲೆ ತೆರಿಗೆ ಬಾಕಿ. ಲೆಕ್ಕಪತ್ರದ ಕಡೆ ಗಮನವಿಲ್ಲದೆ ಬೆಳೆದ ಸಾಲ ತೀರಿಸಲು ಸುಮಾರು ಎರಡು ದಶಕ ಹಿಡಿಯಿತು. ಸಾಲ ತೀರಿಸಲೆಂದು ಊರೂರು ಸುತ್ತಿ ಸುತ್ತಿಯೇ ನಾನು ಒಳ್ಳೆಯ ಹಾಸ್ಯಗಾರನಾದೆ ಎಂದು ಅವನು ಹೇಳುತ್ತಿದ್ದದ್ದು ತಮಾಷೆಗಲ್ಲ.

ಕಾರ್ಲಿನ್‌ನ ನಿಜವಾದ ಹೆಚ್ಚುಗಾರಿಕೆ ನನಗೆ ಕಾಣುವುದು ಇಲ್ಲಿಂದ ಮುಂದೆ. 1977ರಿಂದ 2008ರವರೆಗೆ ಎಚ್‌ಬಿಓ ಚಾನೆಲಿಗೆ ಒಟ್ಟು 14 ಏಕವ್ಯಕ್ತಿ ಕಾರ್ಯಕ್ರಮ ಮಾಡಿದ. ಸರಾಸರಿ ಎರಡು ಮೂರು ವರ್ಷಕ್ಕೊಂದು. ಹತ್ತು ಜೋಕುಗಳ ಬಂಡವಾಳದಲ್ಲಿ ಜೀವಮಾನ ಕಳೆಯುವವರೇ ತುಂಬಿರುವ ಕಸುಬಿನಲ್ಲಿ ಇವನು ಒಂದು ಗಂಟೆಯ ಮಾತು ಕಟ್ಟಿ, ಊರೂರಲ್ಲಿ ತಿದ್ದಿ ತೀಡಿ, ಕ್ಯಾಮೆರಾ ಮುಂದೆ ಆಡಿ, ಅಲ್ಲಿಗೆ ಅದನ್ನು ಕೈಬಿಟ್ಟು ಮತ್ತೆ ಖಾಲಿ ಹಾಳೆಯ ಮುಂದೆ ಕೂರುತ್ತಿದ್ದ. ಹೊಳೆದದ್ದನ್ನೆಲ್ಲ ಸಿಕ್ಕ ಚೀಟಿಯಲ್ಲಿ ಗೀಚಿ, ವಿಷಯವಾರು ವಿಂಗಡಿಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿಡುವುದು ರೂಢಿ. ಆ ಚೀಟಿಗಳು ಈಗ ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿರುವ ರಾಷ್ಟ್ರೀಯ ಹಾಸ್ಯ ಕೇಂದ್ರದಲ್ಲಿವೆ, ಮಗಳು ಕೆಲ್ಲಿ ಕೊಟ್ಟದ್ದು. ಅವನ ಆಶುಮಾತು ಅನ್ನಿಸುವುದರಲ್ಲಿ ಆಶು ಎಂಬುದು ತೀರ ಕಡಿಮೆ. ಒಂದೊಂದು ಉಸಿರಿಗೂ ಲೆಕ್ಕವಿತ್ತು.

ಆ ಚೀಲಗಳಿಂದ ಬಂದದ್ದರಲ್ಲಿ ನನಗೆ ಅಚ್ಚುಮೆಚ್ಚಿನದು 1990ರದ್ದು, ಮೆತ್ತಗಿನ ಭಾಷೆಯ ಮೇಲಿನದು. ಮೊದಲ ಮಹಾಯುದ್ಧದಲ್ಲಿ ಗುಂಡಿನ ಸದ್ದಿಗೆ ತಲೆ ಕೆಟ್ಟ ಸೈನಿಕನ ಸ್ಥಿತಿಗೆ ‘ಶೆಲ್ ಶಾಕ್’ ಅನ್ನುತ್ತಿದ್ದರು. ಕೇಳಿದರೇ ಸಿಡಿಲು ಬಡಿದಂತಾಗುವ ಎರಡು ಸದ್ದು. ಎರಡನೆಯ ಯುದ್ಧಕ್ಕೆ ಅದು ‘ಬ್ಯಾಟಲ್ ಫಟೀಗ್’ ಆಯಿತು, ಏನೋ ಆಯಾಸವಾಗಿದೆ ಪಾಪ ಎಂಬಂತೆ. ಕೊರಿಯಾಕ್ಕೆ ‘ಆಪರೇಷನಲ್ ಎಕ್ಸಾಶ್ಚನ್’, ಕಾರಿನ ಎಂಜಿನ್ನಿಗೆ ಬಂದ ತೊಂದರೆಯ ಹಾಗೆ. ವಿಯೆಟ್ನಾಂ ಹೊತ್ತಿಗೆ ‘ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್’. ಪದ ಉದ್ದವಾದಂತೆಲ್ಲ ನೋವು ಅದರಡಿ ಹೂತುಹೋಯಿತು. ಹಳೆಯ ಹೆಸರೇ ಉಳಿದಿದ್ದರೆ ಈ ಹುಡುಗರಿಗೆ ಒಂದಷ್ಟು ಆರೈಕೆಯಾದರೂ ಸಿಗುತ್ತಿತ್ತೇನೋ ಎಂದು ಅವನು ಅನ್ನುವಲ್ಲಿ ಸಭೆ ನಗುವುದಿಲ್ಲ.

ಕನ್ನಡದಲ್ಲಿ ಕೂತು ಇದನ್ನು ಕೇಳುವವನಿಗೆ ನಮ್ಮ ಸರ್ಕಾರಿ ಸುತ್ತೋಲೆಗಳು ನೆನಪಾಗದೇ ಇರವು. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ವಾಕ್ಯದಲ್ಲಿ ಕರ್ತೃಪದ ಎಲ್ಲಿದೆ? ಯಾರು ಕೈಗೊಳ್ಳುತ್ತಾರೆ, ಯಾವತ್ತು, ಯಾರ ಮೇಲೆ? ಗುಡಿಸಲು ಕಿತ್ತು ಬೀದಿಗೆ ತಳ್ಳಿದ್ದು ‘ತೆರವು ಕಾರ್ಯಾಚರಣೆ’ಯಾಗುತ್ತದೆ, ಊರು ಮುಳುಗಿಸಿದ್ದು ‘ಸ್ಥಳಾಂತರ’ವಾಗುತ್ತದೆ. ಬೈಗುಳದಿಂದ ಯಾರೂ ಸತ್ತದ್ದಿಲ್ಲ, ಇಂಥ ನುಣುಪು ಪದಗಳ ಅಡಿಯಲ್ಲಿ ಬಹಳ ಜನ ಸತ್ತಿದ್ದಾರೆ. ಕಾರ್ಲಿನ್ ಇಂಗ್ಲಿಷಿಗೆ ಮಾಡಿದ್ದನ್ನು ಕಚೇರಿ ಕನ್ನಡಕ್ಕೆ ಮಾಡುವ ಹಾಸ್ಯಗಾರನಿಗೆ ಜೀವನಪೂರ್ತಿ ಸರಕು ಸಿಗುತ್ತದೆ.

ಅವನ ಬಾಳಿನ ಅತಿ ವಿಚಿತ್ರ ತಿರುವೂ ಇದೇ ಕಾಲದ್ದು. 1991ರಿಂದ ಕೆಲವು ವರ್ಷ ಅಮೆರಿಕದ ಪುಟಾಣಿಗಳು ‘ಥಾಮಸ್ ದ ಟ್ಯಾಂಕ್ ಎಂಜಿನ್’ ರೈಲಿನ ಕಥೆಗಳನ್ನು ಕೇಳಿದ್ದು ಇವನ ದನಿಯಲ್ಲಿ. ಮಗುವೊಂದು ಕೇಳಬಾರದ್ದನ್ನು ಕೇಳಿತೆಂದು ದೇಶದ ಸುಪ್ರೀಂ ಕೋರ್ಟ್ ತಲೆಕೆಡಿಸಿಕೊಂಡಿತ್ತಲ್ಲ, ಅದೇ ಗಂಟಲು ಮಕ್ಕಳಿಗೆ ನೀಲಿ ರೈಲಿನ ಕಥೆ ಹೇಳಿತು. ಚೆನ್ನಾಗಿಯೇ ಹೇಳಿತು.

1997ರ ಮೇ 11ರಂದು, ಅವನಿಗೆ ಅರವತ್ತು ತುಂಬುವ ಹಿಂದಿನ ದಿನ, ಬ್ರೆಂಡಾ ಕ್ಯಾನ್ಸರಿನಿಂದ ತೀರಿಕೊಂಡಳು. ಮರುವರ್ಷ ಸ್ಯಾಲಿ ವೇಡ್‌ಳನ್ನು ಮದುವೆಯಾದ. ಕೊನೆಯ ಹತ್ತು ಹನ್ನೆರಡು ವರ್ಷಗಳ ಕಾರ್ಲಿನ್ ಕಪ್ಪು ಬಟ್ಟೆ ತೊಟ್ಟ, ಬಿಳಿ ಗಡ್ಡದ, ಸಿಟ್ಟಿನ ಮುದುಕ. 2001ರಲ್ಲಿ, ಬಹಳ ಜನ ಒಟ್ಟಿಗೆ ಸತ್ತರೆ ನನಗೆ ಒಂಥರಾ ಇಷ್ಟ ಎಂಬರ್ಥದ ಹೆಸರಿಟ್ಟು ಹೊಸ ಕಾರ್ಯಕ್ರಮ ಸಿದ್ಧಮಾಡಿದ್ದ. ಸೆಪ್ಟೆಂಬರ್ 9 ಮತ್ತು 10ರಂದು ಲಾಸ್ ವೇಗಸ್ಸಿನಲ್ಲಿ ಅದರ ಧ್ವನಿಮುದ್ರಣವೂ ಆಯಿತು. ಮಾರನೆಯ ಬೆಳಿಗ್ಗೆ ನ್ಯೂಯಾರ್ಕಿನ ಅವಳಿ ಗೋಪುರಗಳು ಬಿದ್ದವು. ಹೆಸರೂ ಹೋಯಿತು, ಮಾತೂ ಪೆಟ್ಟಿಗೆ ಸೇರಿತು. ಅದು ಹೊರಬಂದದ್ದು 2016ರಲ್ಲಿ.

ಈ ಕೊನೆಯ ಘಟ್ಟದ ಬಗ್ಗೆ ಅವನ ಅಭಿಮಾನಿಗಳೊಂದಿಗೆ ನನಗೆ ಜಗಳವಿದೆ. ಇಂದು ಮೊಬೈಲಿನಲ್ಲಿ ಹೆಚ್ಚು ಓಡಾಡುವುದು ಈ ಸಿಟ್ಟಿನ ಮುದುಕನ ತುಣುಕುಗಳೇ: ದೊಡ್ಡವರ ಕ್ಲಬ್ಬಿದೆ, ನಿಮಗದರಲ್ಲಿ ಜಾಗವಿಲ್ಲ ಎನ್ನುವಂಥವು. ಬೇಕಾದ ಪಕ್ಷದವರು ಬೇಕಾದಷ್ಟು ಕತ್ತರಿಸಿಕೊಂಡು ಹಂಚುತ್ತಾರೆ. ಗಮನವಿಟ್ಟು ಕೇಳಿ, ಅಲ್ಲಿ ನಗುವಿಗಿಂತ ಚಪ್ಪಾಳೆ ಹೆಚ್ಚು. ನಗು ಅನ್ನುವುದು ತಡೆದರೂ ತಪ್ಪಿಸಿಕೊಂಡು ಬರುವಂಥದ್ದು, ಚಪ್ಪಾಳೆ ನಮ್ಮ ಅಭಿಪ್ರಾಯವನ್ನೇ ಇನ್ನೊಬ್ಬ ಹೇಳಿದಾಗ ತಟ್ಟುವಂಥದ್ದು. 1972ರ ಕಾರ್ಲಿನ್ ಒಪ್ಪದವರನ್ನೂ ನಗಿಸಿಬಿಡುತ್ತಿದ್ದ. ನನಗೆ ಅವನೇ ಮೇಲು. 1992ರ ‘ಜ್ಯಾಮಿನ್ ಇನ್ ನ್ಯೂಯಾರ್ಕ್’ನಲ್ಲಿ ಮಾತ್ರ ಸಿಟ್ಟೂ ನಗುವೂ ಒಂದೇ ತಕ್ಕಡಿಯಲ್ಲಿ ಸಮತೂಗಿವೆ. ತಾನು ಮಾಡಿದ್ದರಲ್ಲಿ ಅದೇ ತನಗೆ ಇಷ್ಟ ಎಂದು ಅವನೂ ಹೇಳಿದ್ದುಂಟು. ಹೊಸಬರು ಅಲ್ಲಿಂದ ಶುರುಮಾಡಲಿ.

2008ರ ಮಾರ್ಚಿನಲ್ಲಿ ಹದಿನಾಲ್ಕನೆಯ ಕಾರ್ಯಕ್ರಮ. ಜೂನಿನಲ್ಲಿ ಹಾಸ್ಯದ ದೊಡ್ಡ ಗೌರವವಾದ ಮಾರ್ಕ್ ಟ್ವೇನ್ ಪ್ರಶಸ್ತಿಗೆ ಅವನ ಹೆಸರು ಪ್ರಕಟವಾಯಿತು. ವಾರ ತುಂಬುವ ಮೊದಲೇ, ಜೂನ್ 22ರಂದು, ಸಾಂತಾ ಮೋನಿಕಾದ ಆಸ್ಪತ್ರೆಯಲ್ಲಿ ಹೃದಯ ನಿಂತಿತು. 71 ವರ್ಷ. ಚಿತಾಭಸ್ಮದ ಒಂದಷ್ಟನ್ನು ನ್ಯೂಯಾರ್ಕಿನಲ್ಲಿ ಅವನು ಬೆಳೆದು ಬಂದ ಕ್ಲಬ್ಬುಗಳ ಮುಂದೆ ಚೆಲ್ಲಿದರು, ಒಂದಷ್ಟನ್ನು ಆ ಸ್ಪಾಫರ್ಡ್ ಕೆರೆಯಲ್ಲಿ ಬಿಟ್ಟರು. 2024ರ ಜನವರಿಯಲ್ಲಿ ಯಾರೋ ಅವನ ಮುದ್ರಿತ ದನಿಯನ್ನು ಅನುಕರಿಸಿ ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಒಂದು ಗಂಟೆಯ ‘ಹೊಸ’ ಕಾರ್ಯಕ್ರಮ ಹೊರತಂದರು. ಕುಟುಂಬದವರು ಕೋರ್ಟಿಗೆ ಹೋದರು, ಏಪ್ರಿಲಿನಲ್ಲಿ ರಾಜಿಯಾಗಿ ಅದನ್ನು ತೆಗೆಸಿದರು. ಸತ್ತ ಮೇಲೂ ಅವನ ಮಾತಿನ ಮೇಲೊಂದು ಮೊಕದ್ದಮೆ.

ಬೆಳೆದ ಓಣಿಗೆ ಅವನ ಹೆಸರಿಡಬೇಕೆಂದು ಅಭಿಮಾನಿಗಳು ವರ್ಷಗಟ್ಟಲೆ ಓಡಾಡಿದರು. ಕಾರ್ಪಸ್ ಕ್ರಿಸ್ಟಿ ಚರ್ಚು, ನಮ್ಮನ್ನೇ ಗೇಲಿ ಮಾಡಿದವನ ಹೆಸರು ನಮ್ಮ ಬಾಗಿಲ ಮುಂದೆ ಬೇಡ ಎಂದು ಆಕ್ಷೇಪ ಎತ್ತಿತು. ಕೊನೆಗೆ ರಾಜಿಯಾಗಿ, 2014ರ ಅಕ್ಟೋಬರಿನಲ್ಲಿ ‘ಜಾರ್ಜ್ ಕಾರ್ಲಿನ್ ವೇ’ ಎಂಬ ಫಲಕ 121ನೇ ಬೀದಿಯಲ್ಲೇ ಎದ್ದಿತು, ಚರ್ಚು ಮತ್ತು ಶಾಲೆ ಇರುವ ತುಂಡನ್ನು ಬಿಟ್ಟು, ರಸ್ತೆ ದಾಟಿ, ಪಕ್ಕದ ತುಂಡಿನಲ್ಲಿ.